ಬರೋದಿಲ್ಲ ಎನ್ನಲಾರದ ದೊರೆ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಕಲ್ಲರಸಿ ಅನ್ನೋ ಸೀಮೆಯಲ್ಲಿ ಬೀರಭೂಪ ಅನ್ನೋ ದೊರೆ ಇದ್ದ. ಅವನು ಹುಟ್ಟಿದಾಗಲೇ ತಾಯಿ ತೀರಿಹೋಗಿದ್ದಳು. ಅರಮನೆಯ ದಾಸಿ ನಿಂಗವ್ವ, ತನ್ನ ಮಗಳು ಗೌರವ್ವನ ಜೊತೆ ಅವನಿಗೂ ಹಾಲು ಕೊಟ್ಟು ಬೆಳೆಸಿದಳು. ಅವನಿಗೆ ಪಟ್ಟವಾದ ಮೇಲೆ ತನ್ನ ಹಳ್ಳಿಗೆ ಹೋದಳು.

ದೊರೆಗೆ ಇಂಗ್ಲಿಷಿನ ಹುಚ್ಚು ಹಿಡಿಯಿತು. ಬಿಳಿಯ ಮೇಷ್ಟ್ರೊಬ್ಬರನ್ನು ಇಟ್ಟುಕೊಂಡು ಕಲಿತ. ನಾಲ್ಕು ಜನರನ್ನು ಊಟಕ್ಕೆ ಕರೆಯೋದು ಕಲಿತ. ಕರೆದವರಿಗೆ ನಯವಾಗಿ ಒಲ್ಲೆ ಅನ್ನೋದೂ ಕಲಿತ. ಒಲ್ಲೆ ಅನ್ನೋದು ಅವನಿಗೆ ಬಹಳ ಹಿಡಿಸಿತು.

ನಿಂಗವ್ವ ಹೊಸ ಗುಡಿಸಲು ಕಟ್ಟಿ, ಊಟಕ್ಕೆ ಬಾ ಅಂತ ಹೇಳಿ ಕಳಿಸಿದಳು. ದಾಸಿಯ ಮನೆಯ ನೆಲದ ಮೇಲೆ ಉಂಡರೆ ಬಿಳಿ ದೊರೆಗಳು ನಕ್ಕಾರು ಅಂತ ಇವನಿಗೆ ನಾಚಿಕೆ. ಓಲೆಕಾರ ದ್ಯಾಮಣ್ಣನ ಬಾಯಲ್ಲಿ ಇಂಗ್ಲಿಷಿನ ಉತ್ತರ ಕಳಿಸಿದ: "ಥ್ಯಾಂಕ್ ಯೂ. ಐ ವುಡ್ ಲವ್ ಟು ಕಮ್. ಐ ಯಾಮ್ ಸೋ ಸಾರಿ." ಕರೆದದ್ದು ಸಂತೋಷ, ಬರೋ ಆಸೆ ಬಹಳ, ಆದರೆ ಕ್ಷಮಿಸಿ ಅಂತ ಅದರ ಅರ್ಥ.

ದ್ಯಾಮಣ್ಣನಿಗೂ ಅರ್ಥ ಗೊತ್ತಿಲ್ಲ. ಹಳ್ಳಿಯಲ್ಲಿ ಯಾರಿಗೂ ಗೊತ್ತಿಲ್ಲ. ನಿಂಗವ್ವ ಒಂದೇ ಮಾತು ಕೇಳಿದಳು, ನಕ್ಕೋತ ಹೇಳಿದನೇನು ಅಂತ. ಹೌದು ಅಂದ ದ್ಯಾಮಣ್ಣ.

"ಹಂಗಾದ್ರ ಬರ್ತಾನ."

ಹೋಳಿಗೆ ಮಾಡಿ ಕಾದಳು. ಅವನು ಬರಲಿಲ್ಲ. ಏನೋ ರಾಜಕಾರ್ಯ ಬಂದಿರಬೇಕು ಅಂದುಕೊಂಡಳು.

ಗೌರವ್ವನ ಕೂಸಿನ ತೊಟ್ಟಿಲಿಗೆ ಕರೆದಳು. ಅದೇ ಉತ್ತರ ಬಂತು. ಕೂಸಿನ ಕಿವಿಯಲ್ಲಿ ಹೆಸರು ಹೇಳೋಕೆ ಅವನೇ ಬರಲಿ ಅಂತ ಸಂಜೆವರೆಗೂ ತಡೆದಳು. ಬರಲಿಲ್ಲ.

ಕಡೆಗೆ ಹಾಸಿಗೆ ಹಿಡಿದಳು. ಒಮ್ಮೆ ಮುಖ ತೋರಿಸು ಅಂತ ಹೇಳಿ ಕಳಿಸಿದಳು. ಮುದುಕಿಯ ಕೆಮ್ಮು, ವಾಸಿಯಾದೀತು ಅಂದುಕೊಂಡ ದೊರೆ. ಮತ್ತೆ ಅದೇ ಉತ್ತರ.

ನಾನೇ ಹೋಗಿ ಕರೆತರುತ್ತೇನೆ ಅಂತ ಗೌರವ್ವ ಎದ್ದಳು. ತಾಯಿ ಸೆರಗು ಹಿಡಿದಳು. "ಬ್ಯಾಡ. ದಾರಿಯಾಗ ಇರ್ತಾನ. ನೀ ಒಂದು ದಾರಿ, ಅವ ಒಂದು ದಾರಿ ಆದೀತು." ಹಾಗೆ ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದಳು.

ಮಣ್ಣು ಮಾಡಿದ ಮೇಲೆ ಗೌರವ್ವ ಅರಮನೆಗೆ ಬಂದಳು. ಸಾವಿನ ಮಾತು ಎತ್ತಲಿಲ್ಲ. ಅವ್ವ ಕರೆದಿದ್ದಳು, ಬರಲಿಲ್ಲವಲ್ಲ ಅಂತಷ್ಟೇ ಕೇಳಿದಳು. ಬರೋದಿಲ್ಲ ಅಂತ ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದೆ ಅಂದ ದೊರೆ.

"ನಮಗ ತಿಳೀಲಿಲ್ಲ ಅಣ್ಣಾ. ನಮ್ಮ ಮಾತಿನ್ಯಾಗ ಹೇಳು. ಅವ್ವ ಇಲ್ಲೇ ಅದಾಳ ಅನ್ಕೊಂಡು ಹೇಳು."

ಅದೆಷ್ಟರ ಮಾತು ಅಂತ ದೊರೆ ನಕ್ಕ. "ಯವ್ವಾ..." ಅಂದ. ಮುಂದಿನ ಮಾತು ಬರಲಿಲ್ಲ. ಮತ್ತೆ "ಯವ್ವಾ, ನಾ..." ಅಂದ. ಸಭೆಯೆಲ್ಲ ನೋಡುತ್ತಿತ್ತು. ಮೂರನೆಯ ಸಲ ಹೇಳಹೋದವನು ಸಿಂಹಾಸನದಿಂದ ಇಳಿದುಬಿಟ್ಟ.

"ಕುದುರೆಗೆ ಜೀನು ಹಾಕಲು ಹೇಳು ಗೌರವ್ವಾ. ಹೊರಟೆ."

"ಈಗ ಹೊರಟು ಏನು ಮಾಡ್ತಿ ಅಣ್ಣಾ?" ಅಂದಳು ಗೌರವ್ವ. ಆಮೇಲೆ ಅವ್ವ ತೀರಿಹೋದದ್ದನ್ನು ಹೇಳಿದಳು.

ದೊರೆ ಹೋದ. ಕುದುರೆ ಬಿಟ್ಟು ನಡೆದುಕೊಂಡೇ ಹೋದ. ಮಣ್ಣಿನ ಗುಡ್ಡೆಯ ಮುಂದೆ ಕೂತು, ಬಂದೆ ಯವ್ವಾ, ಬಂದೆ ಅಂತ ಅತ್ತ. ಕೇಳೋರು ಯಾರಿದ್ದರು?

ನೆನಪಿಡಿ ಮಕ್ಕಳೇ. ಇಂಗ್ಲಿಷು ಕಲಿಯಿರಿ, ಬೇಡ ಅನ್ನೋದಿಲ್ಲ. ಒಲ್ಲೆ ಅನ್ನೋದೂ ತಪ್ಪಲ್ಲ. ಆದರೆ ಕರೆದವರಿಗೆ ತಿಳಿಯೋ ಮಾತಿನಲ್ಲಿ ಹೇಳಿ. ಆ ಮಾತಿನಲ್ಲಿ ಹೇಳೋಕೆ ಬಾಯಿ ಬರದಿದ್ದರೆ, ಎದ್ದು ಹೋಗಿಬನ್ನಿ.