ಚನಮಲ್ಲಪ್ಪನ ಚೋಟು

ವಿಜಯಪುರದಾಗ ಚನಮಲ್ಲಪ್ಪ ಅಂತ ಒಬ್ಬ ಸೈಕಲ್ ವಸ್ತಾದ ಇದ್ದ. ಕುಸ್ತಿ ಕಲಸಾಕ ಹ್ಯಾಂಗ ವಸ್ತಾದ ಇರ್ತಾನ, ಹಂಗ ನಮ್ಮ ಕಡೆ ಸೈಕಲ್ ರೇಸಿಗೂ ಇರ್ತಾನ. ಬ್ಯಾರೆ ಊರಾಗ ಸೈಕಲ್ ಅಂದ್ರ ಸಂತಿಗೆ ಹೋಗಿ ಬರೂದು. ನಮ್ಮೂರಾಗ ಸೈಕಲ್ ಅಂದ್ರ ಗದ್ದ ಹ್ಯಾಂಡಲ್ಲಿಗೆ ಹಚ್ಚಿ ಹೊಡಿಯೂದು. ಇದನ್ನ ಮೊದಲ ತಿಳ್ಕೊಂಡು ಮುಂದಿಂದು ಕೇಳ್ರಿ.

ಪ್ರಾಯದಾಗ ಈ ಚನಮಲ್ಲಪ್ಪನ ಸೊಂಟ ಹಸಿ ಬೆತ್ತ ಇದ್ದಂಗ ಇತ್ತು. ಮೊಣಕಾಲ ಮಡಚದ ಬಗ್ಗಿದ್ರ ಎರಡೂ ಅಂಗೈ ನೆಲಕ್ಕ ಹತ್ತತಿದ್ವು. ಅವನ ಹ್ಯಾಂಡಲ್ ಸೀಟಿಗಿಂತ ಪೂರಾ ಒಂದು ಚೋಟು ಕೆಳಗ. ಹೆಬ್ಬೆಟ್ಟು ತೋರಬೆರಳು ಅಗಲಿಸಿದ್ರ ಎಷ್ಟಾಗ್ತದೋ ಅಷ್ಟಕ್ಕ ಚೋಟು ಅಂತಾರ. ಈಗಿನವರು ಅಷ್ಟು ಕೆಳಗ ಕೈ ಇಟ್ರ ಮೂಗು ಗಾಲಿಗೆ ಬಡದೀತು. ಅಂವ ಹಂಗ ಬಾಗಿ ಮೂರ ತಾಸು ಹೊಡದು ಬಂದು, ಇಳದು, ನಗ್ತಿದ್ದ.

ಆಗಿನ ಚಳಿಗಾಲದ ಮುಂಜಾನೆಗಳನ್ನ ನೆನಸಿದ್ರ ಚನಮಲ್ಲಪ್ಪಗ ಮುದುಕ ಆದಮ್ಯಾಲೂ ಮೈ ಜುಮ್ ಅಂತಿತ್ತು. ಗೋಳಗುಮ್ಮಟದ ಮುಂದ ಎಂಟ ಹತ್ತ ಮಂದಿ ಕೂಡತಿದ್ರು. ಬಾಯಾಗ ಬೆಲ್ಲದ ಚೂರು, ಕಿಸೇದಾಗ ಹುರದ ಶೇಂಗಾ. ಕೈಗವಸು ಇಲ್ಲ, ಟೊಪಗಿ ಇಲ್ಲ. ರೋಡಿನ ಎರಡೂ ಕಡೆ ಬಿಳಿಜ್ವಾಳ ಎದಿಮಟ ನಿಂತಿರ್ತಿತ್ತು. ಮಾತಿಲ್ಲ ಕತಿಯಿಲ್ಲ, ಬರೇ ಚೈನಿನ ಸಪ್ಪಳ. ಎಲ್ಲಾರಕಿಂತ ಮುಂದ ಚನಮಲ್ಲಪ್ಪ. ಅವನ ಹಿಂದ ಅವನ ಗೆಳ್ಯಾ ದಸ್ತಗೀರ. ದಸ್ತಗೀರ ದರ್ಜಿ. ಸೂಜಿ ಹಿಡದ್ರೂ ಸಾವಕಾಶ, ಸೈಕಲ್ ಹತ್ತಿದ್ರೂ ಸಾವಕಾಶ.

ಮುಂದ ವಸ್ತಾದ ಆದಮ್ಯಾಲೆ ಯಾರು ಕಲಿಯಾಕ ಬಂದ್ರೂ ಚನಮಲ್ಲಪ್ಪ ಮೊದಲ ಮಾಡೂ ಕೆಲಸ ಒಂದ. ತನ್ನ ಬಲಗೈ ಚೋಟು ಹಚ್ಚಿ ಅವರ ಹ್ಯಾಂಡಲ್ ಇಳಸೂದು. ಗಿಡ್ಡ ಇದ್ರೂ ಒಂದ ಚೋಟು, ಎತ್ತರ ಇದ್ರೂ ಒಂದ ಚೋಟು. ಮಂದಿ ಅದಕ್ಕ ಚನಮಲ್ಲಪ್ಪನ ಚೋಟು ಅಂತ ಹೆಸರ ಇಟ್ಟಿದ್ರು. ಯಾರರ ಹ್ಯಾಂಡಲ್ ಎತ್ತರ ಇಟ್ಕೊಂಡದ್ದು ಕಂಡ್ರ, ಹಾಲ ಹಾಕಾಕ ಹೊಂಟೀಯೇನು ಅಂತ ಎಲ್ಲಾರ ಎದುರಿಗೆ ಕೇಳಾಂವ.

ಒಮ್ಮೆ ದಾಕ್ಷಾಯಿಣಿ ಅಂತ ಒಬ್ಬಾಕಿ ಬಂದಿದ್ಲು. ಕಾಲಾಗ ಬೇಕಾದಷ್ಟು ಕಸುವು. ಆದ್ರ ಸೊಂಟ ಬಿಗಿ. ಹತ್ತ ಕಿಲೋಮೀಟರ್ ಹೋಗೂದ್ರಾಗ ಕುತ್ಗಿ ಹಿಡೀತು ಅಂತಿದ್ಲು. ಎರಡ ಬಟ್ಟ, ಎರಡ ಬೆರಳಿನಷ್ಟು, ಹ್ಯಾಂಡಲ್ ಏರಿಸ್ಲೇನ್ರಿ ಅಂತ ಕೇಳಿದ್ಲು. ನಿನ್ನ ಮೈ ಸೈಕಲ್ಲಿಗೆ ಹುಟ್ಟಿದ್ದಲ್ಲ ತಂಗಿ, ಮನಿಗೆ ನಡಿ ಅಂದ ಚನಮಲ್ಲಪ್ಪ. ಆಕಿ ನಡದ್ಲು. ರೇಸ್ ಬಿಟ್ಲು. ಸೈಕಲ್ ಮಾತ್ರ ಬಿಡಲಿಲ್ಲ.

ವರ್ಷ ಹೋದ್ವು. ಚನಮಲ್ಲಪ್ಪಗ ಅರವತ್ತಾರು ತುಂಬಿದ್ವು. ಸ್ಟೇಷನ್ ರೋಡಿನ್ಯಾಗ ಅವನ ಸೈಕಲ್ ಅಂಗಡಿ. ಅದ ಹಳೇ ರೇಸ್ ಸೈಕಲ್, ಅದ ಚೋಟು.

ಅವನಿಗೂ ದಸ್ತಗೀರಗೂ ಒಂದು ಪದ್ಧತಿ ಇತ್ತು. ಸಂಕ್ರಮಣದ ದಿನ ಇಬ್ಬರೂ ಸೈಕಲ್ ಮ್ಯಾಲೆ ಕೊಲ್ಹಾರಕ್ಕ ಹೋಗವರು. ಕೃಷ್ಣಾ ಹೊಳ್ಯಾಗ ಕಾಲ ಇಳಿಬಿಟ್ಟು, ಸಜ್ಜಿ ರೊಟ್ಟಿ, ಎಣಗಾಯಿ, ಕೊಲ್ಹಾರದ ಗಡಿಗಿ ಮೊಸರು ತಿಂದು ಬರವರು. ಮೂವತ್ತೆಂಟ ವರ್ಷ ತಪ್ಪಿರ್ಲಿಲ್ಲ. ಆದ್ರ ಹೋದ ಎರಡ ವರ್ಷ ಚನಮಲ್ಲಪ್ಪ ನಡುದಾರಿ ಮುಳವಾಡದಾಗ ಸೈಕಲ್ ಮನಿ ಕಡೆ ತಿರಗಿಸಿದ. ಒಂದ ವರ್ಷ ಚೈನ್ ಹರೀತು ಅಂದ. ಇನ್ನೊಂದ ವರ್ಷ ಹೊಟ್ಟಿ ಕಡೀತು ಅಂದ. ಎರಡೂ ಸುಳ್ಳ. ಕೈ ಜೋಮ ಹಿಡದು ಬ್ರೇಕ್ ಹಿಡಿಯಾಕ ಬರ್ತಿರ್ಲಿಲ್ಲ, ಕುತ್ಗಿ ಎತ್ತಿ ರೋಡ್ ನೋಡಾಕ ಆಗ್ತಿರ್ಲಿಲ್ಲ. ಅದನ್ನ ಬಾಯಿ ಬಿಟ್ಟು ಹೇಳಿದ್ರ ವಸ್ತಾದ ಹೋಗಿ ಮುದುಕ ಅಷ್ಟ ಉಳೀತಿದ್ದ.

ಈ ವರ್ಷ ದಸ್ತಗೀರ ಅಂಗಡಿಗೆ ಬಂದು ಕುಂತು, ನಿಧಾನಕ ಒಂದು ಮಾತು ಹೇಳಿ ಹೋದ.

“ಚನ್ಯಾ, ಒಬ್ಬನ ಕುಂತು ಎರಡ ವರ್ಷ ಮೊಸರ ತಿಂದೆ. ರುಚಿ ಹತ್ತಲಿಲ್ಲ. ಈ ಸಲ ನೀ ಹೊಳೀತನಕ ಬರಲಿಲ್ಲ ಅಂದ್ರ ನಾನೂ ಸೈಕಲ್ ಮಾರತೀನಿ.”

ಚನಮಲ್ಲಪ್ಪ ಅವತ್ತಿಂದನ ಸೈಕಲ್ ಮುಂದ ಕುಂತ. ಮಾಡದ ಉಪಾಯ ಇರ್ಲಿಲ್ಲ. ಹ್ಯಾಂಡಲ್ಲಿಗೆ ಎರಡ ಸುತ್ತು ಪಟ್ಟಿ ಸುತ್ತಿದ. ಮೆತ್ತನ್ನ ಕೈಗವಸು ತಂದ. ಸೀಟು ಬದಲಿ ಮಾಡಿದ, ಅದರ ಮೂಗು ಮ್ಯಾಲೆ ಮಾಡಿದ, ಕೆಳಗ ಮಾಡಿದ. ಬೆನ್ನಿಗೆ ಎಣ್ಣಿ ತಿಕ್ಕಿಸ್ಕೊಂಡ. ಹ್ಯಾಂಡಲ್ಲಿನ ಎತ್ತರ ಒಂದ ಮುಟ್ಟಲಿಲ್ಲ. ಅದು ಚನಮಲ್ಲಪ್ಪನ ಚೋಟು ಅಲ್ಲೇನ್ರಿ, ಅದನ್ನ ಮುಟ್ಟಿದ್ರ ಹೆಸರಿಗೆ ಕೈ ಹಾಕಿದಂಗ.

ಹಬ್ಬಕ್ಕ ಎಂಟ ದಿನ ಇತ್ತು. ಮುಂಜಾನೆ ಹತ್ತ ಕಿಲೋಮೀಟರ್ ಹೋಗಿ ನೋಡಿ ಬಂದ. ಬೆರಳು ಕಟಗಿ ಆಗಿದ್ವು. ಅಂಗಡಿ ತಗದು ಕುಂತಾಗ ಒಬ್ಬ ಹೆಣಮಗಳು ಬ್ರೇಕ್ ವಾಯರ್ ಹಾಕಿಸಾಕ ಬಂದ್ಲು. ನೋಡಿದ್ರ ದಾಕ್ಷಾಯಿಣಿ. ಈಗ ಹಳ್ಳಿ ಸಾಲ್ಯಾಗ ಪಿ.ಟಿ. ಟೀಚರ್. ದಿನಾ ಹೋಗಿ ಬಂದು ಇಪ್ಪತ್ತೆರಡ ಕಿಲೋಮೀಟರ್ ಸೈಕಲ್ ಹೊಡೀತಾಳ. ಹ್ಯಾಂಡಲ್ ಸೀಟಿನ ಸಮಕ್ಕ ಐತಿ.

ಚನಮಲ್ಲಪ್ಪ ವಾಯರ್ ಕತ್ತರಸಾಕ ಪಕ್ಕಡ ಹಿಡದ. ಪಕ್ಕಡ ಕೈ ಜಾರಿ ಬಿತ್ತು. ಎತ್ತಿದ, ಮತ್ತ ಬಿತ್ತು. ಮೂರನೇ ಸಲ ಬಿದ್ದಾಗ ದಾಕ್ಷಾಯಿಣಿ ಹೇಳಿದ್ಲು.

“ವಸ್ತಾದರ, ಒಂದ ಸಲ ಬಗ್ಗರಿ ನೋಡೂಣು. ಮೊಣಕಾಲ ಮಡಚಬ್ಯಾಡ್ರಿ.”

“ನನಗ ಬಗ್ಗಾಕ ಹೇಳ್ತಿ? ನಾ ಅಂಗೈ ನೆಲಕ್ಕ ಹಚ್ಚಾಂವ ಅದೀನಿ.”

“ಹಚ್ಚರಲ.”

ಚನಮಲ್ಲಪ್ಪ ಧೋತರ ಕಟ್ಟಿ ಎದ್ದು ನಿಂತು ಬಗ್ಗಿದ. ಕೈ ಮೊಣಕಾಲಿನ ಹಂತೇಕ ಬಂದು ನಿಂತ್ವು. ಉಸರ ಬಿಟ್ಟು ಮತ್ತ ದಬ್ಬಿದ. ತೊಡಿ ಹಿಂದ ಹುರಿ ಎಳದಂಗ ಆತು, ಕೈ ಅಲ್ಲೇ. ನೆಲ ಅಷ್ಟು ದೂರ ಯಾವಾಗ ಹೋತು ಅಂತ ಅವಗ ತಿಳೀಲಿಲ್ಲ. ಮೂವತ್ತ ವರ್ಷದಿಂದ ಅಂವ ಬಗ್ಗೇ ನೋಡಿರ್ಲಿಲ್ಲ. ಬಗ್ಗತೀನಿ ಅಂತ ಹೇಳ್ಕೋಂತ ಬಂದಿದ್ದ.

ದಾಕ್ಷಾಯಿಣಿ ನಗಲಿಲ್ಲ. ಅಂವ ಕೈ ಜೋಮ, ಕುತ್ಗಿ ನೋವು, ಹಬ್ಬಕ್ಕ ಕೊಲ್ಹಾರಕ್ಕ ಹೋಗೂ ಮಾತು ಎಲ್ಲಾ ಹೇಳ್ಕೊಂಡ. ಆಕಿ ಸಾಲಿ ಹುಡುಗುರಿಗೆ ಹೇಳೂಹಂಗ ಬಿಡಿಸಿ ಹೇಳಿದ್ಲು. ಸೊಂಟ ಬಗ್ಗಲಿಲ್ಲ ಅಂದ್ರ ಅದರ ಪಾಲಿಂದೂ ಬೆನ್ನ ಬಗ್ಗಬೇಕಾಗ್ತದ. ಬೆನ್ನ ಗೂನ ಆದ್ರ ರೋಡ್ ನೋಡಾಕ ಕುತ್ಗಿ ಎತ್ತಬೇಕಾಗ್ತದ. ಹ್ಯಾಂಡಲ್ ನಿಲಕದಂಗ ಆಗಿ ಮೊಣಕೈ ಸೆಟದು, ಮೈಭಾರೆಲ್ಲಾ ಅಂಗೈ ಮ್ಯಾಲೆ ಬೀಳತದ. ಕೈಗವಸು ಏನ ಮಾಡೀತು? ದಿನಾ ಮುಂಜಾನೆ ಸಾವಕಾಶ ಬಗ್ಗೂದು ರೂಢಿ ಮಾಡ್ರಿ, ಮೂರ ನಾಕ ತಿಂಗಳಿಗೆ ಒಂದೀಟು ಸಡ್ಲ ಆದೀತು. ಆದ್ರ ಹಬ್ಬ ಎಂಟ ದಿನಕ್ಕೈತಿ. ಅದಕ್ಕ ಮೈ ಎಲ್ಲೀತನಕ ಬಗ್ಗತೈತೋ ಅಲ್ಲಿಗೆ ಹ್ಯಾಂಡಲ್ ಬರಬೇಕು.

“ಮಂದಿ ಏನಂದಾರು?” ಅಂದ ಚನಮಲ್ಲಪ್ಪ.

“ನೀವ ಅಂತಿದ್ದಿರಲ್ಲ ವಸ್ತಾದರ, ಅದನ್ನ ಅಂದಾರು. ಹಾಲ ಹಾಕಾಕ ಹೊಂಟಾರ ಅಂತ.”

ಹಿಂದಕ ಆಕೀಗೆ ಅಂದ ಮಾತು ಚನಮಲ್ಲಪ್ಪಗ ನೆನಪಿತ್ತು. ನೆಲ ನೋಡ್ಕೋಂತ ಹೇಳಿದ.

“ತಂಗಿ, ಅವತ್ತ ನಿನ್ನ ಸೊಂಟ ನೋಡಬೇಕಿತ್ತು. ನಾ ನನ್ನ ಕೈ ಚೋಟು ನೋಡಿದೆ. ತಪ್ಪಾತು.”

ಆಕಿ ಬಿದ್ದ ಪಕ್ಕಡ ಎತ್ತಿ ತನ್ನ ವಾಯರ್ ತಾನ ಕತ್ತರಿಸಿದ್ಲು.

ಅವತ್ತ ಚನಮಲ್ಲಪ್ಪ ಪಾನಾ ಹಚ್ಚಿ ಹ್ಯಾಂಡಲ್ ಬೋಲ್ಟ್ ಸಡ್ಲ ಮಾಡಿದ. ನಲವತ್ತ ವರ್ಷದ ಜಂಗು, ಹ್ಯಾಂಡಲ್ಲಿನ ರಾಡ್ ಜಪ್ಪಯ್ಯ ಅನಲಿಲ್ಲ. ಸೀಮಿ ಎಣ್ಣಿ ಬಿಟ್ಟು, ಕಟಗಿ ಕೊಡತಿಲೆ ಬಡದು ಹೊರಗ ಎಳದ. ಎಳದ್ರೂ ಉದ್ದ ಸಾಲಲಿಲ್ಲ. ಅಂಗಡ್ಯಾಗ ಇದ್ದ ಉದ್ದನ್ನ ರಾಡ್ ಒಂದ, ಅದೂ ಹಾಲಿನವರ ಸೈಕಲ್ಲಿಂದು. ತಿರಗ್ಯಾಡಿ ನೋಡಿದ, ಬೈದ, ಅದನ್ನ ಹಾಕಿದ. ಹ್ಯಾಂಡಲ್ ಸೀಟಿನ ಸಮಕ್ಕ ಬಂತು.

ಮರದಿನ ಸ್ಟೇಷನ್ ರೋಡ್ ತುಂಬ ಸುದ್ದಿ. ಎದುರಿನ ಚಾದಂಗಡಿಯವ ಎರಡ ಲೀಟರ್ ಹಾಕಿ ಹೋಗ ವಸ್ತಾದಾ ಅಂದ. ಚನಮಲ್ಲಪ್ಪ ಹಲ್ಲ ಕಚ್ಚಿ ಮುಂದ ಹೋದ. ಹತ್ತ ಕಿಲೋಮೀಟರ್ ಹೋಗಿ ಬಂದ್ರೂ ಬೆರಳು ಜೋಮ ಹಿಡದಿರ್ಲಿಲ್ಲ, ಅಂಗಿ ಗುಂಡಿ ತಾನ ಬಿಚ್ಚಿದ. ಆ ವಾರ ಕಲಿಯಾಕ ಇಬ್ಬರು ಬಂದ್ರು. ಇಬ್ಬರನ್ನೂ ಮೊದಲ ಬಗ್ಗಿಸಿ ನೋಡಿದ. ಆಮ್ಯಾಲೆ ಪಾನಾ ಹಿಡದ.

ಸಂಕ್ರಮಣದ ದಿನ ಗೆಳ್ಯಾರಿಬ್ಬರೂ ಹೊಂಟ್ರು. ಮುಳವಾಡ ಬಂತು, ದಸ್ತಗೀರ ಹಿಂದಿನಿಂದ ಕೆಮ್ಮಿದ. ಚನಮಲ್ಲಪ್ಪ ತಿರಗಸಲಿಲ್ಲ. ಜ್ವಾಳದ ಹೊಲ, ಎಳಿಬಿಸಲು, ಚೈನಿನ ಸಪ್ಪಳ ಎಲ್ಲಾ ಆಗಿನಂಗ ಇದ್ವು. ತಲಿ ಎತ್ತಿ ನೋಡಿದ್ದಕ್ಕ ಅವಗ ಹೊಳಿ ಇನ್ನೂ ದೂರ ಇದ್ದಾಗಲೇ ಕಾಣಸ್ತು. ಮೊದಲ ಬರೇ ಮುಂದಿನ ಗಾಲಿ ಕಾಣತಿತ್ತು.

ಹೊಳಿ ದಂಡ್ಯಾಗ ಕುಂತು ಗಡಿಗಿ ಬಿಚ್ಚಿದ್ರು. ಮೊಸರ ಕೈಯಾಗ ಹಿಡದ್ರ ಬೀಳತಿರ್ಲಿಲ್ಲ, ಅಂಥ ಗಟ್ಟಿ. ಚನಮಲ್ಲಪ್ಪ, ಚೈನೂ ಹರದಿರ್ಲಿಲ್ಲ, ಹೊಟ್ಟೀನೂ ಕಡದಿರ್ಲಿಲ್ಲ ಅಂತ ಒಪ್ಪಿಕೊಂಡ. ದಸ್ತಗೀರ ಗೊತ್ತಿತ್ತು ಅಂದ. ಆವಾಗ ಚನಮಲ್ಲಪ್ಪ ಗೆಳ್ಯಾನ ಸೈಕಲ್ ಕಣ್ಣಿಟ್ಟು ನೋಡಿದ. ಹ್ಯಾಂಡಲ್ ಸೀಟಿಗಿಂತ ಎರಡ ಬಟ್ಟ ಮ್ಯಾಲೆ ಇತ್ತು.

“ಲೇ, ಇದು ಯಾವಾಗ ಏರಿತೋ?”

“ನಲವತ್ತು ದಾಟಿದಾಗ ಒಂದ ಬಟ್ಟ, ಐವತ್ತಕ್ಕ ಎರಡ. ಹಂಗ ಏರಿಸ್ಕೋಂತ ಬಂದೀನಿ. ನಾ ದರ್ಜಿ ಅದೀನಿ ಚನ್ಯಾ. ಅಂಗಿ ಬಿಗಿ ಆದ್ರ ಹೊಲಿಗಿ ಬಿಚ್ಚತೀನಿ, ಮೈ ಕೆತ್ತಂಗಿಲ್ಲ.”

“ನನಗ ಯಾಕ ಹೇಳಲಿಲ್ಲ?”

“ನೀ ಯಾವಾಗ್ಲೂ ಮುಂದ ಇರ್ತಿದ್ದಿ. ಯಾರಿಗೆ ಹೇಳ್ಲಿ?”

ವಾಪಸ್ ಬರೂಮುಂದ ಚನಮಲ್ಲಪ್ಪ ಬೇಕಂತಲೇ ಹಿಂದ ಉಳದ. ಗೆಳ್ಯಾನ ಬೆನ್ನು ಹಿಂದಿನಿಂದ ಹ್ಯಾಂಗ ಕಾಣತೈತಿ ಅಂತ ಅರವತ್ತಾರನೇ ವರ್ಷಕ್ಕ ನೋಡಿದ. ಮನಿ ಮುಟ್ಟೂತನಕ ನೋಡ್ಕೋಂತ ಬಂದ.

ನೀತಿ: ಸೈಕಲ್ ಮೈಗೆ ಒಪ್ಪಬೇಕು, ಅದೂ ಇವತ್ತಿನ ಮೈಗೆ. ಒಂದು ಕಾಲಕ್ಕ ಎಷ್ಟು ಬಗ್ಗತಿದ್ದಿರಿ ಅನ್ನೂದು ನೆನಸಿ ಖುಷಿ ಪಡ್ರಿ, ಆದ್ರ ಹ್ಯಾಂಡಲ್ ಇಡೂಮುಂದ ಈಗ ಎಷ್ಟು ಬಗ್ಗತೀರಿ ನೋಡ್ರಿ. ನಿಮ್ಮ ಚೋಟಿನಿಂದ ಇನ್ನೊಬ್ಬರ ಮೈ ಅಳೀಬ್ಯಾಡ್ರಿ.