ಪದವಿನ ಕಾಲುದಾರಿ ಬಾಗಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ದಿನಗಳವು. ತನ್ನ ಅಂಚು ಎಲ್ಲಿ ಎಂದು ಕಡಲಿಗೆ ಸರಿಯಾಗಿ ಗೊತ್ತಿರಲಿಲ್ಲ. ಗುಡ್ಡಗಳು ಕೂತಲ್ಲಿ ಕೂರುವುದನ್ನು ಕಲಿಯುತ್ತಿದ್ದವು. ಗಾಳಿ, ನೀರು, ಹಕ್ಕಿ, ಮನುಷ್ಯ, ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು. ದಾರಿ ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಯಾರು ನಡೆದರೂ ಅವರ ಬೆನ್ನ ಹಿಂದೆಯೇ ಹುಲ್ಲು ಎದ್ದು ನಿಲ್ಲುತ್ತಿತ್ತು.

ಕಡಲ ಬದಿಯಲ್ಲಿ ಉಪ್ಪು ತೆಗೆಯುವವರಿದ್ದರು. ಗುಡ್ಡದ ಬದಿಯಲ್ಲಿ ಅಕ್ಕಿ ಬೆಳೆಯುವವರಿದ್ದರು. ಇಬ್ಬರ ನಡುವೆ ಪದವು. ಮರವಿಲ್ಲದ, ಕೆಂಪು ಮುರಕಲ್ಲಿನ ಮೇಲೆ ಹುಲ್ಲು ಹೊದ್ದ ದೊಡ್ಡ ಬಯಲು ಅದು. ಉಪ್ಪಿನ ಹೆಂಗಸರು ದಿನವೂ ಬೆಳಿಗ್ಗೆ ಹೆಡಿಗೆ ಹೊತ್ತು ಅದನ್ನು ದಾಟಬೇಕಿತ್ತು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವಳು ಚಂದು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಸಿ ಉಪ್ಪಿನ ಹೆಡಿಗೆ. ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ಕಣ್ಣು ದೂರದ ಗುಡ್ಡದ ಮೇಲೆ. ತಲೆಹೊರೆ ಹೊತ್ತವರು ಕೆಳಗೆ ನೋಡಬಾರದು. ನೋಡಿದರೆ ಹೊರೆ ಜಾರುತ್ತದೆ. ‘ಹೊರೆ ಹೊತ್ತಾಗ ನನ್ನ ಕಾಲನ್ನು ನಾನು ನೋಡಿದ್ದೇ ಇಲ್ಲ’ ಎಂದು ಚಂದು ಹೇಳಿಕೊಳ್ಳುತ್ತಿದ್ದಳು. ಅದೇ ಅವಳ ದೊಡ್ಡ ಹೆಮ್ಮೆ.

ಅವಳ ಹೆಡಿಗೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ತೊಟ್ಟು ಬಿದ್ದಲ್ಲೆಲ್ಲ ಹುಲ್ಲು ಸುಟ್ಟಿತು, ಉಪ್ಪು ಬೆಳ್ಳಗೆ ಒಣಗಿತು. ಪದವಿನ ಮೇಲೆ ಒಂದು ಬಿಳಿ ಗೆರೆ ಮೂಡಿತು. ಅದೇ ಲೋಕದ ಮೊದಲ ಕಾಲುದಾರಿ. ಹಿಂದಿನವರು ಆ ಗೆರೆಯನ್ನೇ ಹಿಡಿದು ನಡೆಯತೊಡಗಿದರು.

“ಹಗ್ಗ ಎಳೆದು ಕಟ್ಟಿದ ಹಾಗಿದೆ, ಅಲ್ಲವಾ?” ಎನ್ನುತ್ತಿದ್ದಳು ಚಂದು.

ಅಳಿವೆಯ ಕೆಸರಿನಲ್ಲಿದ್ದ ಏಡಿ ಒಂದು ದಿನ ಹೇಳಿತು, “ಅಷ್ಟು ನೆಟ್ಟಗೆ ಹೋದರೆ ಯಾರಿಗಾದರೂ ತಾಗುತ್ತದೆ, ಚಂದಕ್ಕಾ. ನನ್ನ ಹಾಗೆ ಸ್ವಲ್ಪ ಅಡ್ಡ ನಡೆ.”

“ನಿನ್ನ ಹಾಗೆಯಾ? ನಿನ್ನ ಎಂಟು ಕಾಲಿಗೆ ಸೇರಿ ಒಂದು ದಾರಿ ಗೊತ್ತಿಲ್ಲ. ನನಗೆ ಬುದ್ಧಿ ಹೇಳಲಿಕ್ಕೆ ಬಂತು!”

ಹೆಂಗಸರೆಲ್ಲ ನಕ್ಕರು. ಏಡಿ ಬಿಲದೊಳಗೆ ಹೋಯಿತು.

ಇನ್ನೊಂದು ಬೆಳಿಗ್ಗೆ ಕಡಲಗಾಳಿ ಅವಳ ಕಿವಿಯ ಹತ್ತಿರ ಬಂತು. “ಚಂದಕ್ಕಾ, ನಿನ್ನ ಗೆರೆಯ ಮೇಲೆ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಸ್ವಲ್ಪ ಸುತ್ತಿ ಹೋಗು.”

“ಇಷ್ಟು ದೊಡ್ಡ ಬಯಲು ಬಿಟ್ಟು ನನ್ನ ಗೆರೆಯ ಮೇಲೆ ಇಡಲಿಕ್ಕೆ ಅದಕ್ಕೆ ಯಾರು ಹೇಳಿದ್ದು?”

ಟಿಟ್ಟಿಭ ಗೂಡು ಕಟ್ಟುವ ಹಕ್ಕಿಯಲ್ಲ. ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆಗಳನ್ನು ಬರಿಯ ನೆಲದ ಮೇಲೆ, ನಾಲ್ಕು ಕಲ್ಲಿನ ಹಾಗೆ ಇಡುತ್ತದೆ. ಸಾಲು ಹತ್ತಿರ ಬಂದಾಗ ಹಕ್ಕಿ ಹಾರಿ, ಚಂದುವಿನ ಹೆಡಿಗೆಯ ಮೇಲೆ ಸುತ್ತತೊಡಗಿತು. “ಸುತ್ತಿ ಹೋಗು! ಸುತ್ತಿ ಹೋಗು!”

ಚಂದು ಕೆಳಗೆ ನೋಡಲಿಲ್ಲ. ಕಣ್ಣು ಗುಡ್ಡದ ಮೇಲೆಯೇ ಇತ್ತು. ಹಿಮ್ಮಡಿಯ ಕೆಳಗೆ ಏನೋ ಒಡೆಯಿತು. ಕಾಲು ತಣ್ಣಗಾಯಿತು. ಏನೆಂದು ಅವಳಿಗೆ ತಿಳಿಯಿತು. ಆದರೂ ನಿಲ್ಲಲಿಲ್ಲ.

ಖಾಲಿ ಹೆಡಿಗೆ ಹಿಡಿದು ತಿರುಗಿ ಬರುವಾಗ ಎಲ್ಲರಿಗೂ ಕೆಳಗೆ ನೋಡಲು ಪುರಸೊತ್ತು. ಮೂರು ಮೊಟ್ಟೆ ಒಡೆದಿದ್ದವು. ಒಂದು ಮಾತ್ರ ಉಳಿದಿತ್ತು. ಟಿಟ್ಟಿಭ ಅದರ ಪಕ್ಕದಲ್ಲಿ ನಿಂತಿತ್ತು.

“ಯಾರು ತುಳಿದದ್ದು?” ಎಂದು ಹಕ್ಕಿ ಕೇಳಿತು.

“ನಾನಲ್ಲ. ದನ ಇರಬೇಕು,” ಎಂದಳು ಚಂದು.

ಅವಳ ಹಿಂದೆಯೇ ನಡೆಯುವ ಸುಬ್ಬಿ ಚಂದುವಿನ ಹಿಮ್ಮಡಿಯನ್ನು ನೋಡಿದಳು. ಅಲ್ಲಿ ಹಳದಿ ಒಣಗಿ ಅಂಟಿತ್ತು. ಸುಬ್ಬಿ ಏನೂ ಹೇಳಲಿಲ್ಲ. ಒಂದು ಮಾತು ಬೈದಿದ್ದರೂ ಚಂದುವಿಗೆ ಹಗುರವಾಗುತ್ತಿತ್ತು.

ಮನೆ ಸೇರುವ ಮೊದಲು ಅವಳು ಅಳಿವೆಗೆ ಇಳಿದಳು. ಮರಳು ಹಾಕಿ ಹಿಮ್ಮಡಿ ತಿಕ್ಕಿದಳು. ಮತ್ತೆ ತಿಕ್ಕಿದಳು. ಮತ್ತೂ ತಿಕ್ಕಿದಳು.

“ಅದು ಆಗಲೇ ಹೋಗಿ ಆಯ್ತು. ಇನ್ನೂ ಎಂತ ತಿಕ್ಕುತ್ತೀ?” ಎಂದು ಅಳಿವೆಯ ನೀರು ಕೇಳಿತು.

ಚಂದು ಇನ್ನೊಂದು ಹಿಡಿ ಮರಳು ತೆಗೆದುಕೊಂಡಳು. ನೀರಿನಲ್ಲಿ ತನ್ನ ಮುಖ ಕಾಣದ ಹಾಗೆ ಕುಳಿತು ತಿಕ್ಕುತ್ತಲೇ ಇದ್ದಳು.

ಮರುದಿನ ಮತ್ತೆ ಅದೇ ಪದವು, ಅದೇ ಸಾಲು, ಮುಂದೆ ಚಂದು. ದೂರದಿಂದಲೇ ಕಂಡಿತು: ನೆಟ್ಟಗಿನ ಬಿಳಿ ಗೆರೆ, ಗೆರೆಯ ಮೇಲೆ ಒಂದೇ ಒಂದು ಮೊಟ್ಟೆಗೆ ಕಾವು ಕೊಡುತ್ತ ಕುಳಿತ ಟಿಟ್ಟಿಭ. ಇವತ್ತು ಅದು ಏಳಲಿಲ್ಲ, ಕೂಗಲೂ ಇಲ್ಲ. ಸುಮ್ಮನೆ ಅವಳನ್ನೇ ನೋಡಿತು.

ಹಿಂದೆ ಹನ್ನೆರಡು ಮಂದಿ. ಹನ್ನೆರಡು ಮಂದಿಯೂ ಅವಳ ಗೆರೆಯನ್ನೇ ಹಿಡಿದು ಬರುವವರು. ನೆಟ್ಟಗೆ ಹೋದರೆ ಆ ಮೊಟ್ಟೆಯೂ ಉಳಿಯದು. ಗೆರೆ ಬಿಟ್ಟು ಬಾಗಿದರೆ ಎಲ್ಲರೂ ಯಾಕೆಂದು ಕೇಳುತ್ತಾರೆ.

ಚಂದು ಬಾಗಿದಳು.

“ಇದೆಂತದು ಚಂದಕ್ಕಾ? ಏಡಿಯ ಹಾಗೆ ಅಡ್ಡ ಹೊರಟೆಯಲ್ಲ ಮಾರಾಯ್ತಿ!” ಹಿಂದಿನಿಂದ ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಕಾಲಿಗೆ ಕಲ್ಲು ಚುಚ್ಚಿತು ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಚಂದು ಅದನ್ನು ನುಂಗಿದಳು. ನಿಂತು, ಎಲ್ಲರ ಕಡೆ ತಿರುಗಿದಳು.

“ನಾನೇ ತುಳಿದದ್ದು. ಗೊತ್ತಾದರೂ ನಿಲ್ಲಲಿಲ್ಲ. ನಿನ್ನೆ ಸುಳ್ಳು ಹೇಳಿದೆ.”

ಹೇಳುವಾಗ ಹೊರೆಯ ನೆನಪು ತಪ್ಪಿತು, ತಲೆ ತಾನಾಗಿ ತಗ್ಗಿತು. ಹೆಡಿಗೆ ಜಾರಿ ಉಪ್ಪೆಲ್ಲ ನೆಲಕ್ಕೆ ಚೆಲ್ಲಿತು. ಹೊರೆ ಹೊತ್ತು ಹೊರಟ ಚಂದು ಅಂದು ಮೊದಲ ಬಾರಿ ನಡುದಾರಿಯಲ್ಲಿ ತನ್ನ ಕಾಲು ನೋಡಿದಳು. ಈಗ ಯಾರೂ ನಗಲಿಲ್ಲ.

ಸುಬ್ಬಿ ತನ್ನ ಹೊರೆ ಇಳಿಸಿ ಹತ್ತಿರ ಬಂದಳು. “ನನಗೆ ನಿನ್ನೆಯೇ ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ ನೀನು?”

“ಅದು ನೀನು ಹೇಳಬೇಕಾದ್ದಲ್ಲವಾ?”

ಇಬ್ಬರೂ ಬಗ್ಗಿ ಉಪ್ಪು ಬಾಚಿದರು. ಆಮೇಲೆ ಹನ್ನೆರಡು ಮಂದಿಯೂ ಬಾಗಿ, ಮೊಟ್ಟೆಯನ್ನು ಸುತ್ತಿ ನಡೆದರು.

ಕೆಲವು ವಾರಗಳಲ್ಲಿ ಮೊಟ್ಟೆ ಒಡೆದು ಮರಿ ಬಂತು. ಕಡ್ಡಿಯಂಥ ಕಾಲುಗಳಲ್ಲಿ ಓಡಿಯೂ ಹೋಯಿತು. ಟಿಟ್ಟಿಭ ಚಂದುವನ್ನು ಕ್ಷಮಿಸಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ಚಂದುವಿಗೂ ಇರಲಿಲ್ಲ.

“ಇನ್ನು ಅಲ್ಲಿ ಏನೂ ಇಲ್ಲ. ನೆಟ್ಟಗೇ ಹೋಗುವ, ಚಂದಕ್ಕಾ,” ಎಂದರು ಹೆಂಗಸರು.

ಚಂದು ಬಾಗಿಯೇ ನಡೆದಳು. ಅಲ್ಲಿಗೆ ಬಂದಾಗ ಅವಳ ಕಣ್ಣು ಗುಡ್ಡವನ್ನು ಬಿಟ್ಟು ಕೆಳಗಿಳಿಯುತ್ತಿತ್ತು. ಹೆಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಮಳೆಗಾಲ ಬಂದು ಉಪ್ಪಿನ ಗೆರೆಯನ್ನೆಲ್ಲ ತೊಳೆಯಿತು. ಆದರೆ ಅಷ್ಟರಲ್ಲಿ ಆ ಬಾಗು ಎಲ್ಲರ ಕಾಲಿಗೂ ರೂಢಿಯಾಗಿತ್ತು. ಅವರ ಮಕ್ಕಳು ಅಲ್ಲೇ ಬಾಗಿದರು, ಮೊಮ್ಮಕ್ಕಳೂ ಅಲ್ಲೇ ಬಾಗಿದರು, ಯಾಕೆಂದು ಕೇಳಲಿಲ್ಲ.

ಅದಕ್ಕೇ ಇಂದಿಗೂ ಪದವಿನ ಮೇಲೆ, ಮರವಿಲ್ಲ, ಬಂಡೆಯಿಲ್ಲ, ಗುಂಡಿಯಿಲ್ಲ, ಆದರೂ ಕಾಲುದಾರಿ ಬಯಲಿನ ನಡುವೆ ಒಮ್ಮೆ ಬಾಗಿ ಮುಂದೆ ಹೋಗುತ್ತದೆ. ನೀವು ಅಲ್ಲಿಗೆ ಬಂದ ಕೂಡಲೇ ಎಲ್ಲಿಂದಲೋ ಟಿಟ್ಟಿಭ ಎದ್ದು ತಲೆಯ ಮೇಲೆ ಕೂಗುತ್ತದೆ, ನೀವೂ ಒಮ್ಮೆ ನಿಮ್ಮ ಕಾಲು ನೋಡಿಕೊಳ್ಳುತ್ತೀರಿ.