ತೆಕ್ಕೆಗೆ ಸಿಗದ ಮರ

ಊರಿನ ಮರಗಳು ಒಂದೊಂದಾಗಿ ಕೊಡಲಿಗೆ ಬೀಳುತ್ತಿದ್ದವು. ಪಂಚಾಯ್ತಿಯವರು ಹೊಳೆದಂಡೆಯ ಮಠಕ್ಕೆ ಬಂದು, ಮರ ಉಳಿಸಲು ಒಂದು ಠರಾವು ಬರೆದುಕೊಡಿ ಎಂದರು. ಮಠದ ಅಜ್ಜಾರು ಲೇಖನಿಯನ್ನು ಶಿಷ್ಯ ನಿಜಗುಣಿಯ ಕೈಗಿತ್ತು, ಮಜ್ಜಿಗೆ ಕುಡಿಯಲು ಒಳಗೆ ಹೋದರು.

ನಿಜಗುಣಿ ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು, ತೊಂದರೆಯೇ ಅದು.

ಅವನು ಬರೆದ: "ಒಬ್ಬ ಮನುಷ್ಯನ ತೆಕ್ಕೆಗೆ ಸಿಗದಷ್ಟು ದಪ್ಪದ ಮರವನ್ನು ಯಾರೂ ಕಡಿಯತಕ್ಕದ್ದಲ್ಲ."

ತಿಂಗಳು ತುಂಬುವುದರೊಳಗೆ ಹನ್ನೊಂದು ದೊಡ್ಡ ಮರ ಉರುಳಿದವು.

"ಅದ್ಹೆಂಗೋ?" ಎಂದರು ಅಜ್ಜಾರು.

"ಬಾಜೂ ಊರಾಗ ದ್ಯಾಮಣ್ಣ ಅಂತ ಪೈಲ್ವಾನ ಅದಾನ್ರೀ. ಅವನ ಕೈ ಮೊಣಕಾಲಿಗೆ ಬರ್ತಾವ. ಮರ ಕಡಿಯೋರು ಮೊದಲು ಅವನ್ನ ಕರಸ್ತಾರ. ಅವ ತಬ್ಬತಾನ, ಬೆರಳು ಕೂಡ್ತಾವ, ಕೊಡಲಿ ಬೀಳ್ತೈತಿ. ಅವಗ ಹೋಳಿಗಿ ಊಟ."

"ಹೋಳಿಗಿ ಚಲೋ ಇರ್ತಾವಂತೇನು?"

ನಿಜಗುಣಿಗೆ ಸಿಟ್ಟು ಬಂತು. ತಬ್ಬುವವನು ಇದೇ ಊರಿನವನಾಗಿರಬೇಕು ಎಂದು ಇನ್ನೊಂದು ಕಲಮು ಸೇರಿಸಿದ. ದ್ಯಾಮಣ್ಣ ಮರುವಾರವೇ ಗಂಟುಮೂಟೆ ಸಮೇತ ಈ ಊರಿಗೆ ಬಂದು ಬಿಡಾರ ಹೂಡಿದ. ಮೇಲಿನ ಸಪೂರ ಕಾಂಡಕ್ಕೆ ಕೈ ಹೋಗದಿರಲೆಂದು, ತಬ್ಬುವಾಗ ಹಿಮ್ಮಡಿ ಎತ್ತಬಾರದು ಎಂದು ನಿಜಗುಣಿ ಬರೆದ. ದ್ಯಾಮಣ್ಣನಿಗೆ ಎತ್ತುವ ಅಗತ್ಯವೇ ಇರಲಿಲ್ಲ.

ಠರಾವು ನಾಲ್ಕು ಪುಟವಾಯಿತು. ಪಂಚರು ಪ್ರತಿ ಸಲವೂ ಓದದೆಯೇ ರುಜು ಹಾಕಿದರು.

ಒಂದು ಮುಂಜಾನೆ ಕ್ಷೌರದ ಹಂಪಣ್ಣ ಮಠಕ್ಕೆ ಓಡಿ ಬಂದ.

"ಅಜ್ಜಾರ, ಹಿಪ್ಪಿ ಮರಕ್ಕ ಬಂದಾರ್ರೀ! ಗೌಡರ ಹೊಸ ಮನಿ ಬಾಗಲಕ್ಕ ಅದ ಬೇಕಂತ!"

ಆ ಹಿಪ್ಪೆ ಮರವೇ ಹಂಪಣ್ಣನ ಅಂಗಡಿ. ಅವನ ಅಪ್ಪನೂ ಅದೇ ಟೊಂಗೆಗೆ ಕನ್ನಡಿ ತೂಗುಹಾಕಿ ಊರಿನ ತಲೆ ಬೋಳಿಸಿದ್ದ. ಈಗ ಊರಲ್ಲಿ ನೆರಳು ಅಂತ ಉಳಿದದ್ದು ಅದೊಂದೇ.

ಮೂವರೂ ಹೋದರು. ಗೌಡರಿದ್ದರು, ಆಳುಗಳಿದ್ದರು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡ ಪಂಚರೂ ಇದ್ದರು. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬ ಕಲ್ಲಿನ ಮೇಲೆ ಕಾಯುತ್ತ ಕೂತಿದ್ದ. ದ್ಯಾಮಣ್ಣ ಆಗಲೇ ಮರವನ್ನು ತಬ್ಬಿ ನಿಂತಿದ್ದ.

ಎರಡೂ ಕೈಯ ಬೆರಳುಗಳ ನಡುವೆ ಒಂದು ಇಂಚು ಅಂತರ. ನಿಜಗುಣಿಗೆ ಹೋದ ಜೀವ ಬಂದಂತಾಯಿತು.

ದ್ಯಾಮಣ್ಣ ಉಸಿರನ್ನು ಪೂರಾ ಹೊರಬಿಟ್ಟು ಮರಕ್ಕೆ ಒತ್ತಿಕೊಂಡ. ಬೆರಳು ಕೂಡಿದವು.

"ಕೂಡಿದ್ವು! ಎಲ್ಲಾರೂ ನೋಡ್ರಿ!" ಎಂದು ಗೌಡರು ಕೂಗಿದರು. ಆಳುಗಳು ಕೊಡಲಿ ಎತ್ತಿಕೊಂಡರು.

ನಿಜಗುಣಿ ನಾಲ್ಕೂ ಪುಟ ತಿರುವಿಹಾಕಿದ. ಉಸಿರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹಂಪಣ್ಣ ಗಿರಾಕಿಯ ಪಕ್ಕದಲ್ಲೇ ಕುಸಿದು ಅಳತೊಡಗಿದ.

"ನನ್ನ ಬುದ್ಧಿ ಇಲ್ಲಿಗೆ ಮುಗೀತ್ರೀ, ಅಜ್ಜಾರ," ಎಂದ ನಿಜಗುಣಿ. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಅಜ್ಜಾರು ಮರದ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು.

"ದ್ಯಾಮಣ್ಣ, ಹಿಡಿತ ಗಟ್ಟಿ ಐತೇನಪಾ?"

"ಹತ್ತು ಮಂದಿ ಜಗ್ಗಿದ್ರೂ ಬಿಡೂದಿಲ್ರೀ!"

"ಭಲೆ!" ಎಂದ ಅಜ್ಜಾರು ಶಿಷ್ಯನತ್ತ ತಿರುಗಿದರು. "ತಮ್ಮಾ, ಇನ್ನೊಂದು ಕಲಮು ಬರಕೊಂಡು ಪಂಚರ ರುಜು ತಗೋ. ತಬ್ಬಿದಾವ, ಮರ ಉರುಳೂತನಕ ಕೈ ಬಿಡಬಾರದು."